ಮನೆಯ ವೋಲ್ಟೇಜು, ಗಣಕಯಂತ್ರ ಮತ್ತು ನಾಲ್ಕನೆಯ ತಂತಿ

ಪ್ರೌಢಶಾಲೆಯ ಭೌತಶಾಸ್ತ್ರದ ಪಾಠದಲ್ಲಿ ‘ವಿಭವಾಂತರ’ ಎಂಬ ಪದ ಬರುತ್ತದೆ. ಅದನ್ನು ನಾನು ಮೂವತ್ತಕ್ಕೂ ಹೆಚ್ಚು ವರ್ಷ ಕಪ್ಪುಹಲಗೆಯ ಮೇಲೆ ಬರೆದೆ, ವಿದ್ಯಾರ್ಥಿಗಳು ಉತ್ತರಪತ್ರಿಕೆಗಳಲ್ಲಿ ಬರೆದರು. ಶಾಲೆಯ ಗೇಟು ದಾಟಿದ ಮೇಲೆ ಮಾತ್ರ ಆ ಪದವನ್ನು ಯಾರೂ ಆಡಿದ್ದನ್ನು ನಾನು ಕೇಳಿಲ್ಲ. ಹೊರಗೆ ಇದ್ದದ್ದು ‘ಲೋ ವೋಲ್ಟೇಜು’, ‘ಹೈ ವೋಲ್ಟೇಜು’, ‘ಕರೆಂಟು ಡಿಮ್ಮು’ ಎಂಬ ಮಾತುಗಳೇ. ಪಠ್ಯದ ವಿಭವಾಂತರ ಸದಾಕಾಲ 230 ವೋಲ್ಟ್. ಮನೆಯ ವೋಲ್ಟೇಜು ಸಂಜೆ ಏಳಕ್ಕೊಂದು, ರಾತ್ರಿ ಹನ್ನೊಂದಕ್ಕೊಂದು.

ಇವೆರಡರ ನಡುವಿನ ಕಂದಕವನ್ನು ತುಂಬುವುದಕ್ಕೆಂದು ನಮ್ಮ ಮನೆಗಳಿಗೆ ಒಂದರ ಹಿಂದೊಂದು ಪೆಟ್ಟಿಗೆಗಳು ಬಂದವು. ಫ್ರಿಜ್ಜಿಗೊಂದು, ದೂರದರ್ಶನಕ್ಕೊಂದು, ಕರೆಂಟು ಹೋದಾಗ ಫ್ಯಾನು ತಿರುಗಲು ಇನ್ನೊಂದು. ಕೊನೆಗೆ ಗಣಕಯಂತ್ರ ಬಂದಾಗ ಇವೆಲ್ಲವನ್ನೂ ಒಟ್ಟಿಗೇ ಅದರ ಸುತ್ತ ಕಾವಲಿಗೆ ನಿಲ್ಲಿಸಿದೆವು. ಈಗ ಹಿಂತಿರುಗಿ ನೋಡಿದರೆ ನನಗನ್ನಿಸುವುದು ಇಷ್ಟು: ಆ ಪೆಟ್ಟಿಗೆಗಳಲ್ಲಿ ಹೆಚ್ಚಿನವು ಹಿಂದಿನ ಯಾವುದೋ ಉಪಕರಣದ ರೋಗಕ್ಕೆ ಅರೆದ ಮದ್ದುಗಳು. ನಮ್ಮ ಊರುಗಳಲ್ಲಿ ಗಣಕಯಂತ್ರವನ್ನು ನಿಜವಾಗಿ ಕೊಂದದ್ದು ಬಹುಪಾಲು ಎರಡು ಹಳೆಯ ರೋಗಗಳು. ಒಂದು ಕಂಬದ ಮೇಲಿನ ನಾಲ್ಕನೆಯ ತಂತಿಯದು, ಇನ್ನೊಂದು ಅಂಗಳದ ನೆಲದೊಳಗೆ ಇಳಿಯಬೇಕಾದ ತಂತಿಯದು. ಎರಡಕ್ಕೂ ಅಂಗಡಿಯ ಪೆಟ್ಟಿಗೆಯಲ್ಲಿ ಮದ್ದಿರಲಿಲ್ಲ.

ಕಥೆ ಶುರುವಾಗುವುದು ಶಿವನಸಮುದ್ರದಲ್ಲಿ. 1902ರ ಜೂನ್ ತಿಂಗಳಲ್ಲಿ ಕಾವೇರಿಯ ನೀರಿನಿಂದ ಹುಟ್ಟಿದ ವಿದ್ಯುತ್ತು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಯೋಜನೆಯನ್ನು ರೂಪಿಸಿದವರು ಸೈನ್ಯದ ಎಂಜಿನಿಯರ್ ಜೋಲಿ ದ ಲೋಟ್‌ಬಿನಿಯೆ. ಬೆನ್ನಿಗೆ ನಿಂತವರು ದಿವಾನ್ ಶೇಷಾದ್ರಿ ಅಯ್ಯರ್. ದಿವಾನರು 1901ರಲ್ಲಿಯೇ ತೀರಿಕೊಂಡಿದ್ದರಿಂದ ಆ ದೀಪವನ್ನು ಕಣ್ಣಾರೆ ಕಾಣಲಿಲ್ಲ. 30,000 ವೋಲ್ಟಿನ ತಂತಿಯನ್ನು ಬಯಲುಸೀಮೆಯ ನೆತ್ತಿಯ ಮೇಲೆ ಅಷ್ಟು ದೂರ ಎಳೆಯುವುದು ಆ ಕಾಲಕ್ಕೆ ಜಗತ್ತೇ ತಿರುಗಿ ನೋಡುವ ಸಾಹಸ. ಅಂಥ ತಂತಿಗೆ ಮೊದಲ ಶತ್ರು ಸಿಡಿಲು. ಅದರ ವಿದ್ಯೆ ಆಗಲೇ ಹಳೆಯದಾಗಿತ್ತು: ಫ್ರಾಂಕ್ಲಿನ್ ಮಿಂಚನ್ನು ಭೂಮಿಗಿಳಿಸುವ ಸಲಾಕೆಯ ಮಾತಾಡಿದ್ದು 1750ರ ದಶಕದಲ್ಲಿ, ಟೆಲಿಗ್ರಾಫ್‌ನವರು ಅದನ್ನೇ ತಮ್ಮ ತಂತಿಗಳಿಗೆ ಅಳವಡಿಸಿಕೊಂಡದ್ದು 19ನೆಯ ಶತಮಾನದಲ್ಲಿ. ಬಂದ ಹೆಚ್ಚುವರಿ ವಿದ್ಯುತ್ತಿಗೆ ಯಂತ್ರದೊಳಗೆ ಹೋಗುವುದಕ್ಕಿಂತ ಸುಲಭವಾದ ದಾರಿಯನ್ನು ನೆಲದ ಕಡೆಗೆ ತೋರಿಸಬೇಕು. ಇಷ್ಟೇ ತತ್ತ್ವ. ಇಂದಿಗೂ ಇದಕ್ಕಿಂತ ಬೇರೆ ತತ್ತ್ವವಿಲ್ಲ.

1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿತು. ಆಗ ಮನೆಯ ಮಟ್ಟಿಗೆ ವಿದ್ಯುತ್ತೆಂದರೆ ಬಲ್ಬು, ಬಲ್ಬೆಂದರೆ ವಿದ್ಯುತ್ತು. ಹಳೆಯ ತಂತುವಿನ ಬಲ್ಬು ಒಂದು ಒಳ್ಳೆಯ ವೋಲ್ಟ್‌ಮೀಟರು ಕೂಡ ಹೌದೆಂಬುದನ್ನು ಮರೆಯಬಾರದು. ವೋಲ್ಟೇಜು ಶೇಕಡಾ 10ರಷ್ಟು ಇಳಿದರೆ ಅದರ ಬೆಳಕು ಸುಮಾರು ಶೇಕಡಾ 30ರಷ್ಟು ಇಳಿಯುತ್ತದೆ. ಶೇಕಡಾ 10ರಷ್ಟು ಏರಿದರೆ ಬೆಳಕೇನೋ ಹೆಚ್ಚುತ್ತದೆ, ಆಯುಸ್ಸು ಮಾತ್ರ ಮೂರರಲ್ಲೊಂದು ಪಾಲಿಗೆ ಕುಸಿಯುತ್ತದೆ. ನಮ್ಮ ಹಿರಿಯರು ಮೀಟರಿಲ್ಲದೆಯೇ ಬಲ್ಬಿನ ಬಣ್ಣ ನೋಡಿ ‘ಇವತ್ತು ಕರೆಂಟಿಗೆ ಜೀವವಿಲ್ಲ’ ಎನ್ನುತ್ತಿದ್ದುದು ಸುಮ್ಮನೆ ಅಲ್ಲ.

1957ರಲ್ಲಿ ಮೈಸೂರು ರಾಜ್ಯ ವಿದ್ಯುಚ್ಛಕ್ತಿ ಮಂಡಳಿ ರಚನೆಯಾಯಿತು. ಅರವತ್ತರ ದಶಕದ ನಡುವೆ ಶರಾವತಿಯ ವಿದ್ಯುತ್ತು ಹರಿಯಲಾರಂಭಿಸಿದ ಮೇಲೆ ಹಳ್ಳಿ ಹಳ್ಳಿಗೆ ಕಂಬಗಳು ಬಂದವು. ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ ನಮ್ಮೂರಿಗೂ ಬಂದವು. ಕಂಬಗಳ ಜೊತೆಗೆ ಬಾವಿಗಳಿಗೆ ಪಂಪುಸೆಟ್ಟುಗಳೂ ಬಂದವು, ಬರಬೇಕಾದದ್ದೇ. ಆದರೆ ಟ್ರಾನ್ಸ್‌ಫಾರ್ಮರು ಒಂದು ಕಡೆ, ಊರು ಇನ್ನೊಂದು ಕಡೆ, ನಡುವೆ ಸಾಲು ಸಾಲು ತೋಟಗಳು. ತಂತಿ ಉದ್ದವಾದಷ್ಟೂ ಅದರ ರೋಧ ಹೆಚ್ಚು. ಹರಿಯುವ ವಿದ್ಯುತ್ತು ಹೆಚ್ಚಿದಷ್ಟೂ ದಾರಿಯಲ್ಲಿ ಕಳೆದುಹೋಗುವ ವೋಲ್ಟೇಜು ಹೆಚ್ಚು. ಓಮನ ನಿಯಮವನ್ನು ನಾನು ಕಲಿಸುವುದಕ್ಕೆ ಬಹಳ ಮೊದಲೇ ಲೈನಿನ ಬಾಲದ ತುದಿಯಲ್ಲಿದ್ದ ನಮ್ಮ ಮನೆ ಅದನ್ನು ಅನುಭವಿಸುತ್ತಿತ್ತು. ಸಂಜೆ ಪಂಪುಗಳೆಲ್ಲ ಓಡುವಾಗ ಟ್ಯೂಬ್‌ಲೈಟು ಕಣ್ಣು ಮಿಟುಕಿಸುತ್ತಲೇ ಇದ್ದು ಹತ್ತುತ್ತಿರಲಿಲ್ಲ. 1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳು ಮನೆಯ ವೋಲ್ಟೇಜು ಘೋಷಿತ ಮಟ್ಟದಿಂದ ಶೇಕಡಾ 6ಕ್ಕಿಂತ ಆಚೀಚೆ ಸರಿಯಬಾರದೆಂದು ಹೇಳಿದ್ದವು. ಲೆಕ್ಕ ಹಾಕಿದರೆ 216ರಿಂದ 244 ವೋಲ್ಟ್. ನಮ್ಮ ಓಣಿಯಲ್ಲಿ 160 ಬಂದರೆ ಅದು ಒಳ್ಳೆಯ ದಿನ.

ಈ ರೋಗಕ್ಕೆ ಬಂದ ಮದ್ದು ಸ್ಟೆಬಿಲೈಸರ್. ಅದರೊಳಗಿರುವುದು ಹಲವು ಮೆಟ್ಟಿಲುಗಳುಳ್ಳ ಒಂದು ಟ್ರಾನ್ಸ್‌ಫಾರ್ಮರು. ವೋಲ್ಟೇಜು ಇಳಿದರೆ ರಿಲೇ ಎಂಬ ಪುಟ್ಟ ಸ್ವಿಚ್ಚು ಟಕ್ಕೆಂದು ಒಂದು ಮೆಟ್ಟಿಲು ಮೇಲಕ್ಕೆ ಜೋಡಿಸುತ್ತದೆ, ಏರಿದರೆ ಟಕ್ಕೆಂದು ಕೆಳಕ್ಕೆ. ಫ್ರಿಜ್ಜಿಗೆ ಇದು ನಿಜವಾಗಿಯೂ ಬೇಕಾಗಿತ್ತು. ವೋಲ್ಟೇಜು ತೀರ ಇಳಿದಾಗ ಅದರ ಕಂಪ್ರೆಸರ್ ಮೋಟಾರು ತಿರುಗಲಾರದೆ ನಿಂತು, ಮಿತಿಮೀರಿ ವಿದ್ಯುತ್ತು ಎಳೆದು ಸುಟ್ಟುಹೋಗುತ್ತದೆ. 1977ರಲ್ಲಿ ಕೊಚ್ಚಿಯಲ್ಲಿ ಕೊಚ್ಚೌಸೇಫ್ ಚಿಟ್ಟಿಲಪ್ಪಿಳ್ಳಿ ಎಂಬವರು ಸಣ್ಣದಾಗಿ ಸ್ಟೆಬಿಲೈಸರ್ ತಯಾರಿಸಲು ಆರಂಭಿಸಿದ ವಿ-ಗಾರ್ಡ್ ಮುಂದೆ ದೊಡ್ಡ ಕಂಪನಿಯಾಗಿ ಬೆಳೆಯಿತೆಂದರೆ ದಕ್ಷಿಣದ ಮನೆಗಳಲ್ಲಿ ಕರೆಂಟು ಹೇಗಿತ್ತೆಂದು ಬೇರೆ ಹೇಳಬೇಕಾಗಿಲ್ಲ.

ಆಮೇಲೆ ದೂರದರ್ಶನ. 1982ರ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಬಣ್ಣವೂ ಬಂತು. ಆ ಕಾಲದ ಎಷ್ಟೋ ಟಿ.ವಿ.ಗಳಲ್ಲಿ ವೋಲ್ಟೇಜು ಇಳಿದರೆ ಚಿತ್ರವೇ ನಾಲ್ಕೂ ಕಡೆಯಿಂದ ಕುಗ್ಗುತ್ತಿತ್ತು. ಬಡವರ ಸ್ಟೆಬಿಲೈಸರ್ ಆಗಿ ‘ಬೂಸ್ಟರ್’ ಎಂಬುದೊಂದಿತ್ತು, ಕೈಯಿಂದಲೇ ತಿರುವುವ ಗುಂಡಿಯದು. 1987-88ರಲ್ಲಿ ಭಾನುವಾರ ಬೆಳಿಗ್ಗೆ ರಾಮಾಯಣ ಧಾರಾವಾಹಿ ಬರುವಾಗ ನಮ್ಮ ಬೀದಿಯ ಒಂದು ಮನೆಯಲ್ಲಿ ಗುಂಡಿಯ ಪಕ್ಕದಲ್ಲಿ ಒಬ್ಬ ಹುಡುಗನನ್ನೇ ಕೂರಿಸುತ್ತಿದ್ದರು. ತೋಟದ ಪಂಪುಗಳು ಥಟ್ಟನೆ ನಿಂತರೆ ವೋಲ್ಟೇಜು ಮೇಲಕ್ಕೆ ನೆಗೆಯುತ್ತದೆ. ಗುಂಡಿ ಕೊನೆಯ ಮೆಟ್ಟಿಲಿನಲ್ಲೇ ಉಳಿದಿದ್ದರೆ ಟಿ.ವಿ.ಗೆ 280, 300 ವೋಲ್ಟ್ ಹೋಗುತ್ತದೆ. ಆ ಹುಡುಗ ಶ್ರೀರಾಮನ ಮುಖಕ್ಕಿಂತ ಮುಳ್ಳಿನ ಮುಖವನ್ನೇ ಹೆಚ್ಚು ನೋಡಿದ. ಮುಂದೆ ಅವನೇ ವಿದ್ಯುತ್ ಎಂಜಿನಿಯರ್ ಆದದ್ದನ್ನು ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಬಲ್ಲಿರಿ.

ಇನ್ನು ಗಣಕಯಂತ್ರ. ಶಾಲೆಗಳಿಗೆ ಅದು ಮೊದಲು ಬಂದದ್ದು 1984ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಕ್ಲಾಸ್’ ಯೋಜನೆಯ ಮೂಲಕ; ಆಯ್ದ ಶಾಲೆಗಳಿಗೆ ಬ್ರಿಟನ್ನಿನ ಬಿಬಿಸಿ ಮೈಕ್ರೊ ಯಂತ್ರಗಳನ್ನು ಕೊಟ್ಟರು. ಆ ದಿನಗಳ ಗಣಕ ಕೊಠಡಿಯೆಂದರೆ ಗರ್ಭಗುಡಿ. ಚಪ್ಪಲಿ ಹೊರಗೆ, ಪರದೆ ಒಳಗೆ, ಮೂಲೆಯಲ್ಲಿ ಗುಂಯ್‌ಗುಡುವ ಒಂದು ಭಾರದ ಪೆಟ್ಟಿಗೆ. ಅದರ ಹೆಸರು ಸಿ.ವಿ.ಟಿ., ಅಂದರೆ ಸ್ಥಿರ ವೋಲ್ಟೇಜಿನ ಟ್ರಾನ್ಸ್‌ಫಾರ್ಮರು. ಅಮೆರಿಕದ ಜೋಸೆಫ್ ಸೋಲಾ ಎಂಬವರು 1930ರ ದಶಕದಲ್ಲಿ ಕಂಡುಹಿಡಿದ ಉಪಕರಣವದು. ಕಬ್ಬಿಣದ ತಿರುಳನ್ನು ಕಾಂತತ್ವದಿಂದ ತುಂಬಿ ತುಳುಕಿಸಿ, ಒಂದು ಕೆಪಾಸಿಟರಿನ ಜೊತೆ ಅನುರಣಿಸುವಂತೆ ಮಾಡಿದರೆ ಒಳಗೆ ಬರುವುದು ಎಷ್ಟೇ ಏರಿಳಿದರೂ ಹೊರಗೆ ಹೋಗುವುದು ಹೆಚ್ಚುಕಡಿಮೆ ಒಂದೇ ಸಮ. ರಿಲೇ ಇಲ್ಲ, ಟಕ್ ಸದ್ದಿಲ್ಲ. ಬಹಳ ಜಾಣ ಉಪಕರಣ. ಒಂದೇ ದೋಷವೆಂದರೆ ಅದರ ಅನುರಣನ ಸೆಕೆಂಡಿಗೆ 50 ಆವರ್ತಕ್ಕೆ ಶ್ರುತಿಗೊಂಡದ್ದು. ಬೇಡಿಕೆ ಪೂರೈಕೆಗಿಂತ ಹೆಚ್ಚಾದ ಸಂಜೆಗಳಲ್ಲಿ ನಮ್ಮ ದಕ್ಷಿಣದ ಜಾಲದ ಆವರ್ತನ 48ರ ಸುಮಾರಿಗೆ ಕುಸಿಯುತ್ತಿತ್ತು. ತಂಬೂರಿಯ ಶ್ರುತಿ ಇಳಿದರೆ ಹಾಡುಗಾರನೂ ಇಳಿಯುತ್ತಾನೆ, ಸಿ.ವಿ.ಟಿ.ಯ ಹೊರ ವೋಲ್ಟೇಜೂ ಇಳಿಯುತ್ತಿತ್ತು.

ಇಲ್ಲೊಂದು ವಿಚಿತ್ರವಿದೆ. ಸ್ಟೆಬಿಲೈಸರ್ ಬೇಕೇ ಬೇಕೆಂದು ನಾವು ನಂಬಿದ ಆ ಗಣಕಯಂತ್ರ ಲೋ ವೋಲ್ಟೇಜಿನ ವಿಷಯದಲ್ಲಿ ಫ್ರಿಜ್ಜಿಗಿಂತ ಬಹಳ ಗಟ್ಟಿ. ಕಾರಣ ಅದರೊಳಗಿನ ಎಸ್.ಎಂ.ಪಿ.ಎಸ್. 1977ರ ಆಪಲ್-2 ಯಂತ್ರಕ್ಕೆ ರಾಡ್ ಹೋಲ್ಟ್ ಎಂಬ ಎಂಜಿನಿಯರ್ ಇಂಥ ಹಗುರವಾದ, ಬಿಸಿಯಾಗದ ಸಪ್ಲೈಯನ್ನು ಅಳವಡಿಸಿದ ಮೇಲೆ ಮನೆಯ ಗಣಕಗಳಿಗೆಲ್ಲ ಅದೇ ಪದ್ಧತಿಯಾಯಿತು. ಅದು ಬಂದ ವಿದ್ಯುತ್ತನ್ನು ಮೊದಲು ನೇರ ವಿದ್ಯುತ್ತಾಗಿ ಮಾರ್ಪಡಿಸಿ ದೊಡ್ಡ ಕೆಪಾಸಿಟರುಗಳಲ್ಲಿ ತುಂಬಿಕೊಳ್ಳುತ್ತದೆ. 230 ವೋಲ್ಟ್ ಬಂದರೆ ಅಲ್ಲಿ ಶೇಖರವಾಗುವುದು ಅದರ ಶಿಖರಮೌಲ್ಯ, ಸುಮಾರು 325. ಆಮೇಲೆ ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ಕತ್ತರಿಸಿ ಬೇಕಾದಷ್ಟನ್ನು ಮಾತ್ರ ಒಳಕ್ಕೆ ಬಿಡುತ್ತದೆ. ಬರುವುದು ಕಡಿಮೆಯಾದರೆ ತುಂಡು ಅಗಲ, ಹೆಚ್ಚಾದರೆ ತುಂಡು ಸಣ್ಣ. ಹೀಗಾಗಿ 180 ವೋಲ್ಟಿನವರೆಗೂ ಬಹುತೇಕ ಯಂತ್ರಗಳು ಗೊಣಗದೆ ನಡೆಯುತ್ತಿದ್ದವು. ಬದಲಿಗೆ ಅಗ್ಗದ ಸ್ಟೆಬಿಲೈಸರಿನ ರಿಲೇ ಟಕ್ಕೆಂದು ಮೆಟ್ಟಿಲು ಬದಲಿಸುವಾಗ ಕ್ಷಣಾರ್ಧ ವಿದ್ಯುತ್ತು ತಪ್ಪಿ, ಗಣಕ ಹೊಸದಾಗಿ ಚಾಲನೆಗೊಳ್ಳುತ್ತಿತ್ತು. ಮದ್ದೇ ರೋಗವಾದ ಪರಿ.

ತೊಂಬತ್ತರ ದಶಕದ ಕೊನೆಗೆ ಮನೆಗಳಿಗೂ ಗಣಕ ಬಂತು. ನಮ್ಮ ಕಡೆ ಬಹಳ ಮನೆಗಳಲ್ಲಿ ಅದು ಬಂದದ್ದು ಮಕ್ಕಳು ಪರದೇಶಕ್ಕೆ ಹೋದದ್ದರಿಂದ. ಮಿಂಚಂಚೆ ಓದಲು, ‘ಬರಹ’ ಅಥವಾ ‘ನುಡಿ’ಯಲ್ಲಿ ನಾಲ್ಕು ಸಾಲು ಕನ್ನಡ ಬರೆಯಲು. ಕೆಲವರು ಅಮೆರಿಕದಿಂದ ಹೊತ್ತು ತಂದರು. ಅದರ ಬೆನ್ನಿಗೆ ಒಂದು ಕೆಂಪು ಗುಂಡಿ, ಒಂದು ಕಡೆ 115, ಇನ್ನೊಂದು ಕಡೆ 230. ಅಲ್ಲಿನ ಮನೆಗಳಲ್ಲಿ 120 ವೋಲ್ಟ್ ಆದ್ದರಿಂದ ಗುಂಡಿ 115ರಲ್ಲೇ ಇರುತ್ತಿತ್ತು. ಆ ಸ್ಥಿತಿಯಲ್ಲಿ ಸಪ್ಲೈ ಒಳಬಂದದ್ದನ್ನು ಇಮ್ಮಡಿಗೊಳಿಸಿ ತುಂಬಿಕೊಳ್ಳುತ್ತದೆ. ನಮ್ಮ 230ಕ್ಕೆ ಚುಚ್ಚಿದರೆ 650 ವೋಲ್ಟ್. 2000ದಲ್ಲಿ ನಮ್ಮ ಬಂಧುಗಳ ಮನೆಯಲ್ಲಿ ಗಣಕಕ್ಕೆ ಅರಿಸಿನ ಕುಂಕುಮ ಹಚ್ಚಿ, ಹೂವಿಟ್ಟು, ಹಿರಿಯರಿಂದಲೇ ಸ್ವಿಚ್ಚು ಒತ್ತಿಸಿದರು. ಊದುಬತ್ತಿಯ ಹೊಗೆಗಿಂತ ದೊಡ್ಡ ಹೊಗೆ ಹಿಂಬದಿಯಿಂದ ಬಂತು. ಸಪ್ಲೈ ಮಾತ್ರ ಹೋಗಿದ್ದರಿಂದ ಆರುನೂರು ರೂಪಾಯಿಗೆ ಮುಗಿಯಿತು.

ಕರೆಂಟು ಹೋಗುವ ರೋಗಕ್ಕೆ ಯು.ಪಿ.ಎಸ್. ಸರಿಯಾದ ಮದ್ದೇ. ಬರ ಬಿದ್ದಾಗ ಜಲವಿದ್ಯುತ್ತನ್ನೇ ನೆಚ್ಚಿಕೊಂಡ ನಮ್ಮ ರಾಜ್ಯದಲ್ಲಿ ಕರೆಂಟು ಕಡಿತ ಹೊಸತಲ್ಲ. ರಾಯಚೂರಿನ ಉಷ್ಣ ಸ್ಥಾವರದ ಮೊದಲ ಘಟಕ ಬಂದದ್ದೇ 1985ರಲ್ಲಿ. ಪುಟ್ಟ ಬ್ಯಾಟರಿ ಕೊಡುವ ಹತ್ತು ಹದಿನೈದು ನಿಮಿಷದಲ್ಲಿ ಬರೆದದ್ದನ್ನು ಉಳಿಸಿ ಯಂತ್ರವನ್ನು ಮರ್ಯಾದೆಯಿಂದ ಮಲಗಿಸಬಹುದಿತ್ತು. ಬ್ಯಾಟರಿ ಎರಡು ಮೂರು ವರ್ಷಕ್ಕೆ ಸಾಯುತ್ತದೆಂಬುದನ್ನು ಮಾರುವವರು ಹೇಳುತ್ತಿರಲಿಲ್ಲ, ಅಷ್ಟೆ.

ಜೊತೆಗೆ ‘ಸ್ಪೈಕ್ ಗಾರ್ಡ್’ ಎಂಬ ಸ್ವಿಚ್ಚುಗಳ ಪಟ್ಟಿ. ಅದರೊಳಗಿನ ಜೀವಾಳ ಎಂ.ಒ.ವಿ. ಎಂಬ ನಾಣ್ಯದಾಕಾರದ ಬಿಲ್ಲೆ. ಜಪಾನಿನ ಮಾತ್ಸುಷಿತಾ ಸಂಸ್ಥೆಯಲ್ಲಿ ಮಿಚಿಯೊ ಮಾತ್ಸುವೊಕಾ ಅವರು ಅರವತ್ತರ ದಶಕದ ಕೊನೆಯಲ್ಲಿ ಸತುವಿನ ಆಕ್ಸೈಡಿನಿಂದ ಇದನ್ನು ರೂಪಿಸಿದರು. ವೋಲ್ಟೇಜು ಮಿತಿಯಲ್ಲಿರುವಾಗ ಅದು ಬಾಗಿಲು ಮುಚ್ಚಿದ ಮನೆ. ಮಿತಿ ಮೀರಿದೊಡನೆ ಬಾಗಿಲು ತೆರೆದು ಹೆಚ್ಚುವರಿಯನ್ನು ತನ್ನ ಮೂಲಕ ಹರಿಯಬಿಡುತ್ತದೆ. ಆದರೆ ಮೈಕ್ರೊಸೆಕೆಂಡುಗಳ ಲೆಕ್ಕದ ಏಟಿಗೆ ಮಾತ್ರ ಅದರ ಸಾಮರ್ಥ್ಯ. ಏರಿದ ವೋಲ್ಟೇಜು ನಿಮಿಷಗಟ್ಟಲೆ ನಿಂತರೆ ಬಿಲ್ಲೆಯೇ ಉರಿದುಹೋಗುತ್ತದೆ. ಈ ವ್ಯತ್ಯಾಸವೇ ನಾನು ಹೇಳಹೊರಟಿರುವ ವಿಷಯದ ಗಂಟು.

2003ರ ಬೇಸಿಗೆ. ನಾನಾಗ ಇದ್ದ ತಾಲೂಕು ಕೇಂದ್ರದಲ್ಲಿ ನನಗಿಂತ ಹಿರಿಯರಾದ ನಿವೃತ್ತ ಕನ್ನಡ ಪಂಡಿತರೊಬ್ಬರಿದ್ದರು. ಆ ಸೀಮೆಯ ಒಕ್ಕಲುತನದ, ಅಡುಗೆಮನೆಯ, ಕುಂಬಾರಿಕೆಯ ಮಾತುಗಳನ್ನು ಹತ್ತೊಂಬತ್ತು ವರ್ಷ ಚೀಟಿಗಳಲ್ಲಿ ಬರೆದಿಟ್ಟವರು. ಸುಮಾರು ನಾಲ್ಕು ಸಾವಿರ ಪದ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಅಕ್ಷರಜೋಡಣೆಯ ಅಂಗಡಿಯಲ್ಲಿ ಎರಡು ವರ್ಷದಿಂದ ಅದು ಗಣಕಕ್ಕೇರುತ್ತಿತ್ತು. ಅಂಗಡಿಯಲ್ಲಿ ಸ್ಟೆಬಿಲೈಸರ್ ಇತ್ತು, ಯು.ಪಿ.ಎಸ್. ಇತ್ತು, ಸ್ಪೈಕ್ ಗಾರ್ಡ್ ಇತ್ತು. ಹುಡುಗ ಜಾಗರೂಕ.

ಭರಣಿ ಮಳೆಯ ಗಾಳಿ ಬೀಸಿದ ಒಂದು ಮಧ್ಯಾಹ್ನ ಬೀದಿಯಲ್ಲಿ ವಿಚಿತ್ರ ಕಾಣಿಸಿತು. ಒಂದು ಮನೆಯಲ್ಲಿ ಬಲ್ಬು ಕೆಂಪು ಕೆಂಡದಂತೆ ಮಂಕು. ಪಕ್ಕದ ಮನೆಯಲ್ಲಿ ಕಣ್ಣು ಕುಕ್ಕುವ ಬಿಳುಪು. ಫ್ಯಾನುಗಳು ಹಾರಿಹೋಗುವಂತೆ ತಿರುಗಿದವು. ಯಾರೋ ಓಡಿಹೋಗಿ ಟ್ರಾನ್ಸ್‌ಫಾರ್ಮರಿನ ಬಳಿ ಫ್ಯೂಸು ತೆಗೆಸುವಷ್ಟರಲ್ಲಿ ಹತ್ತು ನಿಮಿಷ ಕಳೆದಿತ್ತು. ಹದಿನಾಲ್ಕು ಮನೆಗಳ ಟಿ.ವಿ. ಹೋಗಿದ್ದವು. ಅಂಗಡಿಯಲ್ಲಿ ಸ್ಪೈಕ್ ಗಾರ್ಡಿನ ಬಿಲ್ಲೆ ಕರಕಲಾಗಿತ್ತು, ಸ್ಟೆಬಿಲೈಸರಿನ ರಿಲೇ ಅಂಟಿಕೊಂಡಿತ್ತು, ಯು.ಪಿ.ಎಸ್. ಕರಗಿದ ವಾಸನೆ ಬರುತ್ತಿತ್ತು, ಗಣಕದ ಸಪ್ಲೈ ಸಿಡಿದು ತನ್ನ ಜೊತೆಗೆ ಹಾರ್ಡ್ ಡಿಸ್ಕನ್ನೂ ಕರೆದೊಯ್ದಿತ್ತು. ಕಂಬ ಹತ್ತಿ ಇಳಿದ ಲೈನ್‌ಮನ್ ಒಂದೇ ಮಾತು ಹೇಳಿದ: “ನ್ಯೂಟ್ರಲ್ ಕಟ್ಟಾಗಿದೆ ಸಾರ್.”

ಇದನ್ನು ನನ್ನ ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಲೇಬೇಕು. ಕಂಬದ ಮೇಲೆ ಮೂರು ಫೇಸುಗಳು, ನಾಲ್ಕನೆಯದು ನ್ಯೂಟ್ರಲ್. ಒಂದೊಂದು ಮನೆಗೆ ಒಂದು ಫೇಸು ಮತ್ತು ಎಲ್ಲರಿಗೂ ಸಮಾನವಾದ ನ್ಯೂಟ್ರಲ್ ಬರುತ್ತದೆ. ಅವೆರಡರ ನಡುವೆ 230 ವೋಲ್ಟ್. ಆದರೆ ಎರಡು ಬೇರೆ ಬೇರೆ ಫೇಸುಗಳ ನಡುವೆ 400. ನ್ಯೂಟ್ರಲ್ ಕಡಿದುಹೋದರೆ ಕರೆಂಟು ನಿಲ್ಲುವುದಿಲ್ಲ. ಒಂದು ಫೇಸಿನ ಮನೆಯಿಂದ ಹೊರಟ ವಿದ್ಯುತ್ತು ಇನ್ನೊಂದು ಫೇಸಿನ ಮನೆಯ ಮೂಲಕ ದಾರಿ ಹುಡುಕಿಕೊಳ್ಳುತ್ತದೆ. ಎರಡು ಮನೆಗಳು ಸಮಾಂತರ ಜೋಡಣೆಯಿಂದ ಸರಣಿ ಜೋಡಣೆಗೆ ಬಂದು, ನಡುವೆ 400 ವೋಲ್ಟನ್ನು ಹಂಚಿಕೊಳ್ಳಬೇಕಾಗುತ್ತದೆ. ಸರಣಿಯಲ್ಲಿ ಹೆಚ್ಚು ರೋಧವಿದ್ದವನಿಗೆ ಹೆಚ್ಚು ಪಾಲು. ಒಂದು ಮನೆಯಲ್ಲಿ 1000 ವ್ಯಾಟಿನ ಇಸ್ತ್ರಿಪೆಟ್ಟಿಗೆ, ಇನ್ನೊಂದರಲ್ಲಿ 100 ವ್ಯಾಟಿನ ಗಣಕ ಇದೆಯೆನ್ನಿ. ಗಣಕದ ಮನೆಯ ರೋಧ ಹತ್ತು ಪಟ್ಟು ಎಂದು ಸ್ಥೂಲವಾಗಿ ಹಿಡಿದರೆ ಅದರ ಪಾಲಿಗೆ ಬೀಳುವುದು 364 ವೋಲ್ಟ್. ಇಸ್ತ್ರಿಯವರಿಗೆ ಉಳಿಯುವುದು 36. ಕಡಿಮೆ ವಿದ್ಯುತ್ತು ಬಳಸುತ್ತಿದ್ದ ಮಿತವ್ಯಯದ ಮನೆಗೇ ಹೆಚ್ಚು ಶಿಕ್ಷೆ. ಆ 364 ಕೆಪಾಸಿಟರುಗಳಲ್ಲಿ 500 ದಾಟಿ ತುಂಬಿಕೊಳ್ಳುತ್ತದೆ, ಅವು ಸಿಡಿಯುತ್ತವೆ. ಇದು ಮೈಕ್ರೊಸೆಕೆಂಡಿನ ಮಾತಲ್ಲ, ಹತ್ತು ನಿಮಿಷದ ಮಾತು. ಆದ್ದರಿಂದಲೇ ಬಿಲ್ಲೆ ಉರಿದುಹೋಯಿತು.

ನ್ಯೂಟ್ರಲ್ ಏಕೆ ಕಡಿಯುತ್ತದೆ? ಕೈಯಿಂದ ತಿರುಚಿ ಸುತ್ತಿದ ಅಲ್ಯೂಮಿನಿಯಂ ಬೆಸುಗೆ, ಅದಕ್ಕೆ ಮನೆಯ ತಾಮ್ರದ ತಂತಿ, ಮೇಲೆ ಹತ್ತು ಮಳೆಗಾಲ. ಎರಡು ಲೋಹ ಕೂಡಿದಲ್ಲಿ ತುಕ್ಕು ಬೇಗ. ಇನ್ನೊಂದು ಕಾರಣ ನಮ್ಮ ಹಳ್ಳಿಗಳದೇ ಜಾಣತನ. ರಾತ್ರಿ ಮೂರು ಫೇಸು ಕೊಡದೆ ಬರಿಯ ದೀಪಕ್ಕೆಂದು ವಿದ್ಯುತ್ತು ಕೊಟ್ಟಾಗ ರೈತರು ಕಂಡೆನ್ಸರ್ ಜೋಡಿಸಿ ಮೂರು ಫೇಸಿನ ಮೋಟಾರನ್ನು ಅಷ್ಟರಲ್ಲೇ ಓಡಿಸುವ ಉಪಾಯ ಕಂಡುಕೊಂಡರು. ಒಣಗುವ ಬೆಳೆಯ ಎದುರು ನಿಂತವನನ್ನು ನಾನು ದೂರಲಾರೆ. ಆದರೆ ಫೇಸುಗಳ ಹೊರೆ ಸಮವಾಗಿದ್ದಾಗ ನ್ಯೂಟ್ರಲಿನಲ್ಲಿ ಹರಿಯುವುದು ಅತ್ಯಲ್ಪ; ಹೊರೆ ಓರೆಯಾದಷ್ಟೂ ಅದು ಬಿಸಿಯಾಗುತ್ತದೆ, ಬೆಸುಗೆ ಸಡಿಲಗೊಳ್ಳುತ್ತದೆ.

ಪಂಡಿತರ ಪದಗಳಿಗೆ ಏನಾಯಿತೆಂದು ಕೇಳುವಿರಿ. ಫ್ಲಾಪಿಗಳಲ್ಲಿದ್ದ ಪ್ರತಿ ‘ತ’ಕಾರದವರೆಗೆ ಓದಲು ಸಿಕ್ಕಿತು. ಗಣಕಕ್ಕೇರಿದ ಚೀಟಿಗಳನ್ನು ಮನೆಯವರು ಹಳೆಯ ಕಾಗದದ ಜೊತೆ ತೂಕಕ್ಕೆ ಹಾಕಿದ್ದರು. ‘ದ’ದಿಂದ ‘ಳ’ದವರೆಗೆ ಮತ್ತೆ ಬರೆಯಲು ಅವರು ಕುಳಿತದ್ದೇನೋ ನಿಜ. ಕುಂಬಾರಿಕೆಯ ಮಾತು ಹೇಳಿದ್ದ ಅಜ್ಜಿ ಅಷ್ಟರಲ್ಲಿ ಇರಲಿಲ್ಲ, ಆ ಕೇರಿಯಲ್ಲಿ ತಿಗರಿಯೂ ಇರಲಿಲ್ಲ. ಪಂಡಿತರು 2006ರಲ್ಲಿ ತೀರಿಕೊಂಡರು. ‘ತ’ಕಾರದವರೆಗಿನ ಪುಟಗಳ ಒಂದು ಪ್ರತಿ ನನ್ನ ಬಳಿ ಇದೆ.

ಎರಡನೆಯ ರೋಗ ಸಿಡಿಲಿನದು. ಅಶ್ವಿನಿ, ಭರಣಿ, ಕೃತ್ತಿಕೆಯ ಮಳೆಗಳಲ್ಲಿ ಗುಡುಗಿದ ಮರುದಿನ ಗಣಕ ರಿಪೇರಿಯವರ ಅಂಗಡಿಯ ಮುಂದೆ ಸಾಲು ನಿಲ್ಲುತ್ತಿತ್ತು. ವಿಶೇಷವೆಂದರೆ ಅವರಲ್ಲಿ ಹಲವರು ಕರೆಂಟಿನ ಪ್ಲಗ್ಗನ್ನು ಕಿತ್ತಿಟ್ಟು ಮಲಗಿದವರೇ. ಹೋಗಿದ್ದದ್ದು ಮೋಡೆಮ್. ಸಿಡಿಲು ಮನೆಗೇ ಹೊಡೆಯಬೇಕೆಂದಿಲ್ಲ. ಮೈಲಿಗಟ್ಟಲೆ ಹಾದುಬಂದ ಟೆಲಿಫೋನು ತಂತಿಯ ಹತ್ತಿರ ಎಲ್ಲಿ ಬಿದ್ದರೂ ಅದರಲ್ಲಿ ಸಾವಿರಾರು ವೋಲ್ಟ್ ಪ್ರೇರಣೆಗೊಳ್ಳುತ್ತದೆ. ಗಣಕವೆಂಬುದು ಮನೆಯಲ್ಲಿ ಎರಡು ಬೇರೆ ಬೇರೆ ಜಾಲಗಳು ಸಂಧಿಸುವ ಮೊದಲ ಉಪಕರಣವಾಗಿತ್ತು: ಒಂದು ಕಡೆ ವಿದ್ಯುತ್ತು, ಇನ್ನೊಂದು ಕಡೆ ಟೆಲಿಫೋನು. ಒಂದು ತಂತಿಯಿಂದ ಬಂದ ಏಟು ಇನ್ನೊಂದರ ಮೂಲಕ ನೆಲ ಸೇರಲು ಹಾತೊರೆಯುತ್ತದೆ, ದಾರಿ ಗಣಕದ ಹೊಟ್ಟೆಯೊಳಗೆ. ಮಲೆನಾಡಿನ ಅಡಿಕೆ ತೋಟದ ಮನೆಗಳಲ್ಲಿ ಮೋಡ ಕಟ್ಟಿದೊಡನೆ ‘ಫೋನು ತೆಗೆದ್ಯೇನೋ’ ಎಂದು ಒಳಗಿನಿಂದ ಕೂಗುತ್ತಿದ್ದುದು ಯಾವ ಕೈಪಿಡಿಗಿಂತಲೂ ಒಳ್ಳೆಯ ಕ್ರಮ.

ಇನ್ನು ನೆಲ. ಮೂರು ಕಾಲಿನ ಪ್ಲಗ್ಗಿನಲ್ಲಿ ದಪ್ಪನೆಯ ಮೇಲಿನ ಕಾಲು ಭೂಸಂಪರ್ಕದ್ದು. ನಮ್ಮ ಹಳೆಯ ಮನೆಗಳಲ್ಲಿ ಎರಡು ರಂಧ್ರದ ಸಾಕೆಟ್ಟೇ ಹೆಚ್ಚು. ಮೂರು ಕಾಲಿನದನ್ನು ಸಿಕ್ಕಿಸಲು ಜನ ಒಂದು ಅಡಾಪ್ಟರ್ ಹಾಕಿದರು, ಅದೂ ಆಗದಿದ್ದರೆ ಆ ಕಾಲನ್ನೇ ಕಿತ್ತರು. ಮೂರು ರಂಧ್ರವಿದ್ದಲ್ಲಿ ಮೂರನೆಯದು ಎಷ್ಟೋ ಕಡೆ ಎಲ್ಲಿಗೂ ಹೋಗುತ್ತಿರಲಿಲ್ಲ. ಗಣಕದ ತಗಡನ್ನು ಬರಿಗಾಲಲ್ಲಿ ಮುಟ್ಟಿದರೆ ಜುಮ್ಮೆನ್ನುತ್ತಿತ್ತಲ್ಲ, ಅದು ಇದರದೇ ಫಲ: ಸಪ್ಲೈಯಲ್ಲಿ ಶಬ್ದ ಸೋಸುವ ಚಿಕ್ಕ ಕೆಪಾಸಿಟರುಗಳು ತಗಡಿಗೆ ಸೋರುವ ವಿದ್ಯುತ್ತಿಗೆ ನೆಲದ ದಾರಿಯಿಲ್ಲ, ಆದ್ದರಿಂದ ನಮ್ಮ ಕೈಯೇ ದಾರಿ. ಸ್ಪೈಕ್ ಗಾರ್ಡ್ ಕೂಡ ಏಟಿನ ಒಂದು ಪಾಲನ್ನು ಈ ಮೂರನೆಯ ತಂತಿಗೇ ಒಪ್ಪಿಸಬೇಕು. ಮೂರನೆಯ ತಂತಿಯಿಲ್ಲದ ಗೋಡೆಗೆ ಅದನ್ನು ಸಿಕ್ಕಿಸಿದರೆ ಕಾವಲುಗಾರನನ್ನು ನಿಲ್ಲಿಸಿ ಅವನ ಕೈ ಕಟ್ಟಿದಂತೆ.

ಭೂಸಂಪರ್ಕ ದುಬಾರಿಯೂ ಅಲ್ಲ. ಭಾರತೀಯ ಮಾನಕ ಸಂಸ್ಥೆಯ ಐ.ಎಸ್. 3043 ಎಂಬ ಸಂಹಿತೆ 1966ರಿಂದಲೂ ಇದೆ. ಸುಮಾರು ಎರಡೂವರೆ ಮೀಟರಿನ ಸತು ಲೇಪಿತ ಕೊಳವೆ, ಸುತ್ತ ಪದರ ಪದರವಾಗಿ ಇದ್ದಿಲು ಮತ್ತು ಉಪ್ಪು, ಮೇಲೊಂದು ಆಲಿಕೆ. ಬೇಸಿಗೆಯಲ್ಲಿ ಆ ಆಲಿಕೆಗೆ ಎರಡು ಕೊಡ ನೀರು ಹಾಕಬೇಕು, ಒಣಮಣ್ಣಿನಲ್ಲಿ ವಿದ್ಯುತ್ತು ಹರಿಯದು. ತುಳಸಿಕಟ್ಟೆಯ ಪಕ್ಕದಲ್ಲಿ ಗುಂಡಿ ತೆಗೆಸಿದವರೇ ಜಾಣರು. ದಿನವೂ ನೀರು ತಪ್ಪುವುದಿಲ್ಲ.

ಈ ಇಪ್ಪತ್ತು ವರ್ಷಗಳಲ್ಲಿ ಬಹಳಷ್ಟು ಬದಲಾಗಿದೆ. 2003ರ ಜನವರಿಯಲ್ಲಿ ದಕ್ಷಿಣದ ಜಾಲದಲ್ಲಿ ಆವರ್ತನಕ್ಕೆ ತಕ್ಕಂತೆ ದರ ವಿಧಿಸುವ ಪದ್ಧತಿ ಬಂದ ಮೇಲೆ 50ರ ಶ್ರುತಿ ನೆಟ್ಟಗಾಯಿತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರದ ನಡುವಣ 765 ಕಿಲೋವೋಲ್ಟಿನ ಮಾರ್ಗದ ಮೂಲಕ ದಕ್ಷಿಣದ ಜಾಲ ದೇಶದ ಉಳಿದ ಜಾಲದೊಡನೆ ಒಂದೇ ತಾಳಕ್ಕೆ ಸೇರಿತು. ನಿರಂತರ ಜ್ಯೋತಿ ಯೋಜನೆಯಿಂದ ಎಷ್ಟೋ ಹಳ್ಳಿಗಳಲ್ಲಿ ಪಂಪುಸೆಟ್ಟಿನ ಮಾರ್ಗ ಬೇರೆ, ಮನೆಯ ಮಾರ್ಗ ಬೇರೆಯಾಯಿತು. ಕೆಲವು ಬೀದಿಗಳಲ್ಲಿ ನಾಲ್ಕು ಬರಿಯ ತಂತಿಗಳ ಬದಲು ಹೊದಿಕೆಯ ಹುರಿತಂತಿ ಬಂದಿದೆ. ಲ್ಯಾಪ್‌ಟಾಪಿನ ಅಡಾಪ್ಟರ್ ಮೇಲೆ 100ರಿಂದ 240 ಎಂದು ಮುದ್ರಿಸಿರುತ್ತದೆ. ಅದಕ್ಕೆ ಸ್ಟೆಬಿಲೈಸರ್ ಬೇಕೇ ಎಂದು ಈಗಲೂ ಕೇಳುವ ಬಂಧುಗಳಿಗೆ ನನ್ನ ಉತ್ತರ, ಬೇಡ. ಕೆಂಪು ಗುಂಡಿಯೂ ಇಲ್ಲ, ಬ್ಯಾಟರಿ ಒಳಗೇ ಇರುವುದರಿಂದ ಯು.ಪಿ.ಎಸ್. ಕೂಡ ಬೇಡ. ಅದರ ಬದಲು ವೋಲ್ಟೇಜು 270ರ ಆಸುಪಾಸಿಗೆ ಏರಿದರೆ ಇಡೀ ಮನೆಯನ್ನೇ ಕ್ಷಣದಲ್ಲಿ ಬೇರ್ಪಡಿಸುವ ಉಪಕರಣವನ್ನು ಮೀಟರಿನ ಬಳಿ ಹಾಕಿಸಿಕೊಳ್ಳಿ, ಬಲ್ಲ ಎಲೆಕ್ಟ್ರಿಷಿಯನ್ನಿನಿಂದ. ನಾಲ್ಕನೆಯ ತಂತಿ ಕಡಿದ ದಿನ ಕೆಲಸಕ್ಕೆ ಬರುವುದು ಅದೊಂದೇ.

ಟೆಲಿಫೋನು ತಂತಿಯ ಜಾಗಕ್ಕೆ ಗಾಜಿನ ಎಳೆ ಬಂದಿದೆ. ಬೆಳಕನ್ನು ಒಯ್ಯುವ ಆ ಎಳೆ ವಿದ್ಯುತ್ತನ್ನು ಒಯ್ಯುವುದಿಲ್ಲವಾದ್ದರಿಂದ ಸಿಡಿಲಿಗೆ ಆ ಬಾಗಿಲು ಮುಚ್ಚಿತು. ಆದರೆ ಕೆಲವು ಕಡೆ ಕಂಬದಿಂದ ಕಂಬಕ್ಕೆ ಎಳೆಗಳನ್ನು ತೂಗುಹಾಕಲು ಅದರ ಜೊತೆ ಉಕ್ಕಿನ ತಂತಿಯನ್ನೂ ಸೇರಿಸಿರುತ್ತಾರೆ. ಅದನ್ನು ಮನೆಯ ಹೊರಗೋಡೆಯಲ್ಲೇ ಕತ್ತರಿಸಿ, ಗಾಜನ್ನು ಮಾತ್ರ ಒಳಕ್ಕೆ ತರಬೇಕೆಂದು ಜೋಡಿಸಲು ಬಂದ ಹುಡುಗನಿಗೆ ಹೇಳಿ. ಮೊನ್ನೆ ನಮ್ಮ ಮನೆಗೆ ಬಂದವನಿಗೆ ಹೇಳಿದೆ. “ಗೊತ್ತು ಸಾರ್, ನೀವೇ ಒಂಬತ್ತನೇ ಕ್ಲಾಸಲ್ಲಿ ವಾಹಕ, ಅವಾಹಕ ಪಾಠ ಮಾಡಿದ್ರಲ್ಲ” ಎಂದ.